ಅಂತರಸನಹಳ್ಳಿ ಲೇತ್ ವರ್ಕ್‌ಶಾಪ್: ಕೆಲ್ಸ ಅಪ್ಪಟ, ಆದ್ರೆ ಅರ್ಧ ಮಷಿನ್ ನಿಂತಿವೆ

ಶಾಫ್ಟ್ ಸವೆದಿದೆ, ಬೇರಿಂಗ್ ಸೀಟ್ ಹೋಗಿದೆ, ಪುಲ್ಲಿ ಬೋರ್ ಲೂಸಾಗಿದೆ, ಬುಷ್ (ಶಾಫ್ಟ್ ಸುತ್ತ ಕೂರೋ ಲೋಹದ ಕೊಳವೆ) ಮಾಡಿಸ್ಬೇಕು, ಇಂಥಾ ಕೆಲ್ಸಕ್ಕೆ ತುಮಕೂರಲ್ಲಿ ಎಲ್ಲಿಗೆ ಹೋಗ್ಲಿ ಅಂತ ಯಾರೇ ಕೇಳಿದ್ರೂ ನಾನು ಕಣ್ಮುಚ್ಕೊಂಡು ಹೇಳೋದು ಈ ವರ್ಕ್‌ಶಾಪನ್ನೇ. ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದೀನಿ, ಇನ್ನೊಂದು ಯಾಕೆ ಕೊಟ್ಟಿಲ್ಲ ಅಂತ ಕೆಳಗೆ ಬರ್ದಿದೀನಿ. ಎಲ್ರೂ ಬರೆಯೋ ಹಾಗೆ ಗುಡ್ ವರ್ಕ್, ರೀಸನೆಬಲ್ ರೇಟ್ ಅಂತ ಬರ್ದು ಮುಗಿಸ್ಬಹುದಿತ್ತು, ಆದ್ರೆ ಈಗ ಅಲ್ಲಿ ಪರಿಸ್ಥಿತಿ ಹೆಂಗಿದೆ ಅಂತ ನೋಡಿದ್ಮೇಲೆ ಅಷ್ಟಕ್ಕೇ ನಿಲ್ಸೋಕೆ ಮನಸ್ಸು ಬರ್ಲಿಲ್ಲ. ಮಾರ್ಕೆಟ್ ಡೌನ್ ಅಂತ ಪೇಪರಲ್ಲಿ ಓದ್ತಾನೇ ಇರ್ತೀವಿ, ಆ ಡೌನು ಒಂದು ಶೆಡ್ ಒಳಗೆ ಬಂದು ಯಾವ ಮಷಿನ್ ನಿಲ್ಸುತ್ತೆ, ಯಾರನ್ನ ಮನೆಗೆ ಕಳ್ಸುತ್ತೆ ಅನ್ನೋದನ್ನ ಯಾರೂ ಬರೆಯಲ್ಲ. ಅದಕ್ಕೇ ಉದ್ದ ಆದ್ರೂ ಆಗ್ಲಿ ಅಂತ ಬರೀತಿದೀನಿ, ಟೈಮ್ ಇದ್ದೋರು ಪೂರ್ತಿ ಓದಿ.

ಜಾಗ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ. ತರಕಾರಿ ಮಾರ್ಕೆಟ್ ಕಡೆಯಿಂದ ಒಳಗೆ ಬಂದ್ರೆ ಶೀಟ್ ಹೊದ್ಸಿರೋ ಶೆಡ್ಡುಗಳ ಸಾಲಲ್ಲಿ ಇದೂ ಒಂದು. ಹೊರಗಿಂದ ನೋಡಿದ್ರೆ ಏನೂ ವಿಶೇಷ ಕಾಣಲ್ಲ. ಒಳಗೆ ಮೂರು ಲೇತು (ಲೋಹದ ತುಂಡನ್ನ ತಿರುಗಿಸ್ತಾ ಕೊರೆದು ಅಳತೆಗೆ ತರೋ ಮಷಿನ್), ಅದ್ರಲ್ಲಿ ದೊಡ್ಡದು ಎಚ್‌ಎಂಟಿ ಎನ್‌ಎಚ್ 26, ಇನ್ನೊಂದು ಹರಿಹರದ ಕಿರ್ಲೋಸ್ಕರ್ ಟರ್ನ್‌ಮಾಸ್ಟರ್, ಮೂರನೇದು ಪಂಜಾಬಿನ ಬಟಾಲ ಕಡೆಯದು. ಒಂದು ರೇಡಿಯಲ್ ಡ್ರಿಲ್ಲು, ಪವರ್ ಹ್ಯಾಕ್ಸಾ, ವೆಲ್ಡಿಂಗ್ ಸೆಟ್ಟು. ಮೂಲೆಯಲ್ಲಿ ಒಂದು ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡೋ ಮಷಿನ್, ಲೋನ್ ಮೇಲೆ ತಗೊಂಡಿರೋದು. ಎಚ್‌ಎಂಟಿ ಮಷಿನ್ ಟೂಲ್ಸ್ ಬೆಂಗಳೂರಲ್ಲಿ 1953ರಲ್ಲಿ ಶುರುವಾಗಿದ್ದು, ಅವ್ರ ಲೇತುಗಳು ಇವತ್ತಿಗೂ ನಮ್ ಕಡೆ ವರ್ಕ್‌ಶಾಪುಗಳಲ್ಲಿ ಜೀವಂತ ಇವೆ, ಬೆಡ್ (ಲೇತಿನ ಉದ್ದದ ತಳ) ಸವೆದಿದ್ರೆ ಕೆರೆದು ಮಟ್ಟ ಮಾಡ್ಸಿ ಮತ್ತೆ ಓಡಿಸ್ತಾರೆ. ಹರಿಹರದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಲೇತ್ ಮಾತ್ರ ಇನ್ನೂ ಕೆಲ್ಸ ಮಾಡ್ತಿದೆ.

ಈಗ ನನ್ ಕೆಲ್ಸದ ವಿಷ್ಯ. ನಮ್ದು ಗುಬ್ಬಿ ರೋಡ್ ಕಡೆ ಸಣ್ಣ ಎಣ್ಣೆ ಮಿಲ್ಲು, ಕೊಬ್ಬರಿ ಕಡ್ಲೆಕಾಯಿ ಎರಡೂ ಹಾಕ್ತೀವಿ. ಎಣ್ಣೆ ಹಿಂಡೋ ಮಷಿನ್ (ಎಕ್ಸ್‌ಪೆಲ್ಲರ್) ಮೇನ್ ಶಾಫ್ಟಲ್ಲಿ ಬೇರಿಂಗ್ ಕೂರೋ ಜಾಗ ತಿಂದೋಗಿತ್ತು. ಒಳಗಿನ ರಿಂಗ್ ಶಾಫ್ಟ್ ಜೊತೆ ತಿರುಗೋದು ಬಿಟ್ಟು ಶಾಫ್ಟ್ ಮೇಲೇ ಜಾರ್ತಾ ಜಾರ್ತಾ 75 ಎಂಎಂ ಇರ್ಬೇಕಾದ ಸೀಟು 74.6ಕ್ಕೆ ಬಂದಿತ್ತು, ಕೀ ವೇ, ಅಂದ್ರೆ ಶಾಫ್ಟಲ್ಲಿ ಕೀಲಿ ಕೂರೋ ತೋಡು ಕೂಡ ಒಂದು ಕಡೆ ಅಗಲ ಆಗಿತ್ತು. ಬೇರೆ ಒಂದು ಕಡೆ ತೋರ್ಸಿದಾಗ, ಇದು ಆಗಲ್ಲ ಸಾರ್, ಹೊಸ ಶಾಫ್ಟೇ ಹಾಕ್ಸಿ, ಹದಿನಾಲ್ಕು ಸಾವಿರ ಆಗುತ್ತೆ ಅಂದ್ರು. ಅವ್ರು ಹೇಳಿದ್ದು ಸುಳ್ಳು ರೇಟ್ ಏನಲ್ಲ, ಇಎನ್ 19 ಅನ್ನೋ ಗಟ್ಟಿ ಸ್ಟೀಲ್ ರಾಡು ಅಷ್ಟು ದಪ್ಪದ್ದು ಅಷ್ಟು ಉದ್ದಕ್ಕೆ ಅರವತ್ತು ಕೇಜಿ ಹತ್ತಿರ ತೂಗುತ್ತೆ, ಮೆಟೀರಿಯಲ್ಲಿಗೇ ಅರ್ಧ ದುಡ್ಡು ಹೋಗುತ್ತೆ. ಆದ್ರೆ ಶಾಫ್ಟ್ ಉಳ್ಸೋಕಾಗುತ್ತಾ ಅಂತ ಯೋಚ್ನೆ ಮಾಡೋ ವ್ಯವಧಾನ ಅಲ್ಲಿ ಇರ್ಲಿಲ್ಲ. ಇಲ್ಲಿ ಓನರ್ ಶಾಫ್ಟನ್ನ ಬೆಳಕಿಗೆ ಹಿಡ್ದು ಸೀಟಿನ ಎರಡೂ ಪಕ್ಕ ಉಗುರಲ್ಲಿ ಸವರಿ ನೋಡಿ, ಕ್ರ್ಯಾಕ್ ಇಲ್ಲ ಸಾರ್, ವೆಲ್ಡ್ ತುಂಬ್ಸಿ ಟರ್ನಿಂಗ್ ಮಾಡ್ಕೊಡ್ತೀವಿ, ಸುಮ್ನೆ ಯಾಕೆ ಹೊಸದಕ್ಕೆ ದುಡ್ಡು ಹಾಕ್ತೀರ ಅಂದ್ರು. ಒಟ್ಟು ನಾಲ್ಕು ಸಾವಿರದ ಐನೂರಕ್ಕೆ ಕೆಲ್ಸ ಮುಗೀತು.

ವೆಲ್ಡ್ ತುಂಬ್ಸೋದು ಅಂದ್ರೆ ರಾಡ್ ಹಿಡ್ದು ಹೊಡ್ದುಬಿಡೋದಲ್ಲ. ಇಎನ್ 19 ಥರದ ಸ್ಟೀಲಿಗೆ ತಣ್ಣಗಿರೋವಾಗಲೇ ವೆಲ್ಡ್ ಹೊಡೆದ್ರೆ ವೆಲ್ಡ್ ಪಕ್ಕದ ಜಾಗ ಗಡುಸಾಗಿ ಸೀಳು ಬಿಡುತ್ತೆ, ಮೇಲೆ ನುಣ್ಣಗೆ ಕಾಣ್ಸುತ್ತೆ, ಲೋಡ್ ಬಿದ್ದ ಮೇಲೆ ಒಂದಿನ ಪಟಾರ್ ಅಂತ ಮುರ್ಕೊಳುತ್ತೆ. ಇವ್ರು ಮೊದ್ಲು ಗ್ಯಾಸ್ ಟಾರ್ಚಲ್ಲಿ ಸುತ್ತಲೂ ಬಿಸಿ ಮಾಡಿ, ಲೋ ಹೈಡ್ರೋಜನ್ (ಸೀಳು ಬಿಡದಿರ್ಲಿ ಅಂತ ಬಳಸೋ) ವೆಲ್ಡಿಂಗ್ ರಾಡನ್ನ ಓವನ್ನಿಂದ ತೆಗ್ದು, ಒಂದೇ ಕಡೆ ಸಾಲಾಗಿ ಹೊಡೀದೆ ಎದುರು ಬದುರು ಸಾಲು ಹಾಕ್ತಾ ತುಂಬ್ಸಿ, ಆಮೇಲೆ ಬೂದಿ ತುಂಬಿರೋ ಡಬ್ಬದಲ್ಲಿ ಮುಚ್ಚಿಟ್ಟು ರಾತ್ರಿ ಪೂರ್ತಿ ನಿಧಾನಕ್ಕೆ ಆರೋಕೆ ಬಿಟ್ರು. ಬೆಳಿಗ್ಗೆ ಲೇತಿಗೆ ಹಾಕಿದ್ದು ಅಲ್ಲಿನ ಹಿರೀ ಟರ್ನರ್ ಅಣ್ಣ, ಐವತ್ತು ದಾಟಿದೆ, ಕನ್ನಡಕ ಮೂಗಿನ ತುದೀಲಿ. ಒಂದ್ ಕಡೆ ಚಕ್ ಹಿಡ್ಸಿ ಇನ್ನೊಂದ್ ಕಡೆ ಸೆಂಟರ್ ಕೊಟ್ಟು ಡಯಲ್ (ಎಷ್ಟು ಸೊಟ್ಟ ಇದೆ ಅಂತ ಮುಳ್ಳಲ್ಲಿ ತೋರ್ಸೋ ಮೀಟರ್) ಇಟ್ರು, ಮೋಟ್ರು ಆನ್ ಮಾಡ್ಲಿಲ್ಲ, ಕೈಯಲ್ಲೇ ಚಕ್ ತಿರುಗ್ಸ್ತಾ ಮುಳ್ಳು ನೋಡ್ತಾ ಕೂತ್ರು. ಶಾಖಕ್ಕೆ ಶಾಫ್ಟ್ ಒಂಚೂರು ಬಾಗಿತ್ತು, ಮುಳ್ಳು ಹನ್ನೆರಡು ಗೆರೆ ಆಡ್ತಿತ್ತು, ಒಂದು ಗೆರೆ ಅಂದ್ರೆ ಎಂಎಂನಲ್ಲಿ ನೂರನೇ ಒಂದು ಭಾಗ. ಎತ್ತರ ಇದ್ದ ಜಾಗಕ್ಕೆ ಚಾಕ್‌ಪೀಸಲ್ಲಿ ಗುರುತು ಹಾಕಿ ಜ್ಯಾಕ್ ಕೊಟ್ಟು ಒತ್ತೋದು, ಬಿಡೋದು, ಮತ್ತೆ ಡಯಲ್, ಮತ್ತೆ ಚಾಕ್‌ಪೀಸ್. ಎರಡು ಗೆರೆಗೆ ಬಂದ್ಮೇಲೆ ಕಟಿಂಗ್ ಶುರು ಮಾಡಿದ್ರು.

ಕೊನೇ ಕಟ್ಟಿಗೆ ಮುಂಚೆ ಮಷಿನ್ ನಿಲ್ಸಿ ಎದ್ದು ಟೀ ಕುಡಿಯೋಕೆ ಹೊರಟ್ರು. ಯಾಕಣ್ಣ, ಇನ್ನೇನು ಮುಗೀತಲ್ಲ ಅಂದೆ. ಬಿಸಿ ಐತೆ ಸಾರ್, ಈಗ ಮೈಕ್ರೋಮೀಟರ್ ಹಿಡಿದ್ರೆ ಸುಳ್ಳು ಹೇಳ್ತದೆ ಅಂದ್ರು. ಲೆಕ್ಕ ಹಾಕಿ ನೋಡಿದ್ರೆ ನಿಜ, 75 ಎಂಎಂ ಸ್ಟೀಲು ನಲ್ವತ್ತು ಡಿಗ್ರಿ ಬಿಸಿ ಜಾಸ್ತಿ ಇದ್ರೆ ಹತ್ತಿರ ಹತ್ತಿರ ನೂರನೇ ನಾಲ್ಕು ಭಾಗ ಹಿಗ್ಗಿರುತ್ತೆ, ಬೇರಿಂಗ್ ಬಿಗಿಯಾಗಿ ಕೂರೋಕೆ ಬೇಕಾಗಿರೋದೇ ನೂರನೇ ಎರಡು ಭಾಗ, ಬಿಸೀಲಿ ಅಳೆದು ಕಟ್ ಕೊಟ್ಟಿದ್ರೆ ಆರಿದ ಮೇಲೆ ಮತ್ತೆ ಲೂಸೇ. ಆರಿದ ಮೇಲೆ ಬಂದು ಅಳ್ದು ಫೈನಲ್ ಕಟ್ ಕೊಟ್ಟು 75.02ಕ್ಕೆ ನಿಲ್ಸಿದ್ರು. ಕೀ ವೇ ಹಳೇದನ್ನ ತುಂಬ್ಸಿ ಎದುರು ಕಡೆ ಹೊಸ್ದಾಗಿ ತೆಗ್ಸಿದ್ರು. ಬೇರಿಂಗ್ ಹಾಕೋವಾಗ ಸುತ್ತಿಗೆ ಮುಟ್ಟಿಸ್ಬೇಡಿ, ಎಣ್ಣೇಲಿ ಬಿಸಿ ಮಾಡಿ ಜಾರ್ಸಿ ಅಂತ ಎರಡೆರಡು ಸಲ ಹೇಳಿ ಕಳ್ಸಿದ್ರು. ಮಿಲ್ ಈಗ ಓಡ್ತಾ ಇದೆ, ಬೇರಿಂಗ್ ಹೌಸಿಂಗ್ ಕೈ ಇಟ್ರೆ ಹದವಾಗಿ ಬೆಚ್ಚಗಿದೆ ಅಷ್ಟೇ, ಸೌಂಡ್ ಇಲ್ಲ.

ಇಷ್ಟು ಬರ್ದಿದ್ದು ಯಾಕೆ ಅಂದ್ರೆ, ಇಂಥಾ ಕೈ ಇರೋ ಮನುಷ್ಯ ನಾನು ಹೋದಾಗ ಕೆಲ್ಸ ಇಲ್ದೆ ಕೂತಿದ್ರು. ಹನ್ನೊಂದು ಗಂಟೆ ಹೊತ್ತಲ್ಲಿ ವರ್ಕ್‌ಶಾಪಲ್ಲಿ ಮಾತಾಡಿದ್ರೆ ಮಾತು ಕೇಳುಸ್ತಿತ್ತು, ಲೇತ್ ಅಂಗಡಿ ಗೊತ್ತಿರೋರಿಗೆ ಇದು ಎಷ್ಟು ಕೆಟ್ಟ ಲಕ್ಷಣ ಅಂತ ಗೊತ್ತಾಗುತ್ತೆ. ಸಿಎನ್‌ಸಿ ಮೇಲೆ ಪ್ಲಾಸ್ಟಿಕ್ ಟಾರ್ಪಾಲ್ ಹೊದ್ಸಿತ್ತು. ಬಟಾಲ ಲೇತಿನ ಬೆಡ್ಡಿಗೆ ತುಕ್ಕು ಹಿಡೀದಿರ್ಲಿ ಅಂತ ಗ್ರೀಸ್ ಬಳ್ದು ಪೇಪರ್ ಅಂಟ್ಸಿದ್ರು. ಒಂಬತ್ತು ಜನ ಇದ್ದ ಕಡೆ ಈಗ ನಾಲ್ಕು ಜನ, ಅದ್ರಲ್ಲಿ ಒಬ್ರು ಓನರೇ.

ಯಾಕೆ ಹಿಂಗೆ ಅಂತ ಕೇಳಿದ್ರೆ ಓನರ್ ಬಿಡ್ಸಿ ಹೇಳಿದ್ರು, ನಂಗೂ ಅಲ್ಲಿವರೆಗೆ ಇಷ್ಟು ಸರಿಯಾಗಿ ಅರ್ಥ ಆಗಿರ್ಲಿಲ್ಲ. ಇವ್ರ ಸಿಎನ್‌ಸಿ ಓಡ್ತಿದ್ದುದು ಬೆಂಗಳೂರು ಕಡೆಯ ಒಂದು ಕಂಪ್ನಿ ಕೊಡ್ತಿದ್ದ ಬುಷ್ ಆರ್ಡರ್ ಮೇಲೆ. ಆ ಕಂಪ್ನಿ ಅದನ್ನ ಇನ್ನೊಂದು ದೊಡ್ಡ ಕಂಪ್ನಿಗೆ ಕೊಡುತ್ತೆ, ಅವ್ರು ಗಾಡಿ ಮಾಡೋರಿಗೆ ಕೊಡ್ತಾರೆ. ಅಂದ್ರೆ ಗಾಡಿ ಕಂಪ್ನಿಯಿಂದ ಎಣಿಸಿದ್ರೆ ಇವ್ರು ನಾಲ್ಕನೇ ಮೆಟ್ಲು. ಮೇಲೆ ಗಾಡಿ ಮಾರಾಟ ನೂರಕ್ಕೆ ಹತ್ತು ಕಮ್ಮಿ ಆಯ್ತು ಅಂದ್ರೆ ಇವ್ರಿಗೂ ಹತ್ತೇ ಕಮ್ಮಿ ಆಗಬೇಕಲ್ವಾ, ಆಗಲ್ಲ. ಮೊದ್ಲು ಮೇಲಿನೋರು ಗೋಡೌನಲ್ಲಿರೋ ಸ್ಟಾಕ್ ಖಾಲಿ ಮಾಡ್ತಾರೆ, ಅದು ಮುಗಿಯೋವರೆಗೂ ಹೊಸ ಶೆಡ್ಯೂಲ್ ಕೊಡಲ್ಲ. ಆಮೇಲೆ ಮಧ್ಯದ ಕಂಪ್ನಿಯವ್ರು, ನಮ್ದೇ ಮಷಿನ್ ಖಾಲಿ ಬಿದ್ದಿದೆ, ಹೊರಗೆ ಯಾಕೆ ಕೊಡೋದು ಅಂತ ಜಾಬ್ ವರ್ಕನ್ನ ಒಳಕ್ಕೆ ಎಳ್ಕೊಳ್ತಾರೆ. ಅವ್ರ ಪಾಡಿಗೆ ಅದು ಸರೀನೇ, ಅವ್ರ ಆಪರೇಟರ್ ಕೂತಿರ್ತಾನಲ್ಲ. ಆದ್ರೆ ಮೇಲೆ ಹತ್ತು ಪರ್ಸೆಂಟ್ ಇಳಿದಿದ್ದು ಕೆಳಗೆ ಬರೋಷ್ಟರಲ್ಲಿ ಮುಕ್ಕಾಲು ಪಾಲು ಆರ್ಡರನ್ನೇ ತಿಂದುಬಿಡುತ್ತೆ. ಇವ್ರಿಗೆ ತಿಂಗ್ಳಿಗೆ ಐದು ಸಾವಿರ ಪೀಸ್ ಬರ್ತಿದ್ದುದು ಎಂಟುನೂರಕ್ಕೆ ಬಂತು. ಆ ಎಂಟುನೂರಕ್ಕೂ ರೇಟ್ ಇಳ್ಸಿ ಅಂತ ಫೋನು, ಗಂಟೆಗೆ ಮುನ್ನೂರೈವತ್ತು ಲೆಕ್ಕ ಇದ್ದಿದ್ದನ್ನ ಇನ್ನೂರೈವತ್ತಕ್ಕೆ ಮಾಡ್ಕೊಡಿ, ಇಲ್ಲಾಂದ್ರೆ ಬೇರೆಯವ್ರು ಮಾಡ್ತಾರೆ ಅಂತ. ಬೇರೆಯವ್ರು ಮಾಡ್ತಾರೆ ಅನ್ನೋದೂ ನಿಜ, ಯಾಕಂದ್ರೆ ಪಕ್ಕದ ಶೆಡ್ಡಿನೋರಿಗೂ ಇಎಂಐ ಇದೆ.

ಖರ್ಚು ಮಾತ್ರ ನಿಂತಿಲ್ಲ. ಬೆಸ್ಕಾಂ ಬಿಲ್ಲಲ್ಲಿ ಯೂನಿಟ್ ಲೆಕ್ಕ ಕಮ್ಮಿ ಆಗುತ್ತೆ, ಆದ್ರೆ ಸ್ಯಾಂಕ್ಷನ್ ಆಗಿರೋ ಲೋಡಿಗೆ ಫಿಕ್ಸೆಡ್ ಚಾರ್ಜ್ ಅಂತ ಒಂದು ಇರುತ್ತೆ, ಮಷಿನ್ ಓಡ್ಲಿ ಬಿಡ್ಲಿ ಕಟ್ಲೇಬೇಕು. ಶೆಡ್ ಬಾಡಿಗೆ, ಸಿಎನ್‌ಸಿ ಇಎಂಐ, ಇದ್ಯಾವ್ದೂ ಆರ್ಡರ್ ಇದ್ಯಾ ಇಲ್ವಾ ಅಂತ ಕೇಳಲ್ಲ.

ಓನರ್ ಇಪ್ಪತ್ತು ವರ್ಷದ ಮೇಲಿಂದ ಈ ಫೀಲ್ಡಲ್ಲಿದ್ದಾರೆ, ಇಂಥಾ ಹೊಡೆತ ಇದು ಮೊದ್ಲನೇದಲ್ಲ. 2008ರ ಸೆಪ್ಟೆಂಬರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಮುಳುಗಿದಾಗ ನಮಗೂ ಅದಕ್ಕೂ ಏನು ಸಂಬಂಧ ಅಂದ್ಕೊಂಡಿದ್ರಂತೆ, ಎಕ್ಸ್‌ಪೋರ್ಟ್ ಪಾರ್ಟ್ಸ್ ಮಾಡ್ತಿದ್ದ ಕಂಪ್ನಿಗಳು ಆರ್ಡರ್ ನಿಲ್ಸಿದಾಗ ಗೊತ್ತಾಯ್ತಂತೆ. 2016ರ ನವೆಂಬರ್ 8ಕ್ಕೆ ಐನೂರು ಸಾವಿರದ ನೋಟು ಹೋದಾಗ ಆರ್ಡರ್ ಇತ್ತು, ಶನಿವಾರದ ಬಟವಾಡೆಗೆ ಕ್ಯಾಶ್ ಇರ್ಲಿಲ್ಲ. ಕರೆಂಟ್ ಅಕೌಂಟಿಂದ ವಾರಕ್ಕೆ ಐವತ್ತು ಸಾವಿರ ಮಾತ್ರ ತೆಗೀಬಹುದಿತ್ತು, ಅದ್ರಲ್ಲೇ ಮೆಟೀರಿಯಲ್ಲೂ ತರಬೇಕು, ಹುಡುಗರಿಗೂ ಕೊಡ್ಬೇಕು. 2019ರಲ್ಲಿ ಗಾಡಿ ಮಾರ್ಕೆಟ್ ಬಿತ್ತು, ಆ ವರ್ಷ ಆಗಸ್ಟಲ್ಲಿ ದೇಶದಲ್ಲಿ ಕಾರು, ಎಸ್‌ಯುವಿ, ವ್ಯಾನ್ ಎಲ್ಲಾ ಸೇರಿ ಮಾರಾಟ ಹಿಂದಿನ ವರ್ಷಕ್ಕಿಂತ ನೂರಕ್ಕೆ 31ಕ್ಕೂ ಜಾಸ್ತಿ ಕುಸೀತು. ಅದೇ ವರ್ಷ ಅಕ್ಟೋಬರಿಂದ ಮಷಿನ್ ಜಾಬ್ ವರ್ಕಿಗೆ ಜಿಎಸ್‌ಟಿ 18ರಿಂದ 12ಕ್ಕೆ ಇಳ್ಸಿದ್ರು, ಒಳ್ಳೇದೇ ಆಯ್ತು, ಆದ್ರೆ ಆರ್ಡರ್ ಬರೋಷ್ಟರಲ್ಲಿ 2020 ಮಾರ್ಚ್ ಲಾಕ್‌ಡೌನ್. ಆ ಏಪ್ರಿಲ್‌ನಲ್ಲಿ ಮಾರುತಿ ಅಂಥ ಕಂಪ್ನೀನೇ ದೇಶದೊಳಗೆ ಒಂದೇ ಒಂದು ಕಾರು ಮಾರ್ಲಿಲ್ಲ. ಇಎಂಐಗೆ ಆಗಸ್ಟ್ ಕೊನೆವರೆಗೂ ಬ್ಯಾಂಕಿನವ್ರು ಟೈಮ್ ಕೊಟ್ರು, ಬಡ್ಡಿ ಮಾತ್ರ ಸೇರ್ತಾನೇ ಇತ್ತು. ಸರ್ಕಾರದ ಗ್ಯಾರಂಟಿ ಮೇಲೆ ಬಾಕಿ ಸಾಲದ 20 ಪರ್ಸೆಂಟ್ ಎಕ್ಸ್‌ಟ್ರಾ ಸಾಲ ಸಿಕ್ತು, ಅವತ್ತು ಅದು ಅವ್ರನ್ನ ಉಳ್ಸಿದ್ದೂ ನಿಜ, ಆಮೇಲೆ ಅದನ್ನೂ ಕಟ್ಟಬೇಕಾಗಿ ಬಂದಿದ್ದೂ ನಿಜ. ಒಂದು ಹೊಡೆತದಿಂದ ಎದ್ದು ಸಾಲ ತೀರ್ಸೋಷ್ಟರಲ್ಲಿ ಇನ್ನೊಂದು ಬರುತ್ತೆ ಸಾರ್, ಕೈಯಲ್ಲಿ ಅಂತ ನಾಕು ಕಾಸು ನಿಲ್ಲೋಕೇ ಬಿಟ್ಟಿಲ್ಲ ಅಂದ್ರು.

ನಂಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಪೇಮೆಂಟ್ ವಿಷ್ಯಕ್ಕೆ. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾನೂನು ಪ್ರಕಾರ ಸಣ್ಣೋರಿಂದ ಮಾಲೋ ಕೆಲ್ಸಾನೋ ತಗೊಂಡ ಮೇಲೆ ಏನೇ ಅಗ್ರಿಮೆಂಟ್ ಇದ್ರೂ 45 ದಿನದೊಳಗೆ ದುಡ್ಡು ಕೊಡ್ಬೇಕು, ಲೇಟ್ ಮಾಡಿದ್ರೆ ರಿಸರ್ವ್ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಕಂಪ್ಲೇಂಟ್ ಹಾಕೋಕೆ ಆನ್‌ಲೈನ್ ಪೋರ್ಟಲ್ಲೂ ಇದೆ. 2024 ಏಪ್ರಿಲ್‌ನಿಂದ ಇನ್‌ಕಂ ಟ್ಯಾಕ್ಸಲ್ಲೂ ಬಿಗಿ ಮಾಡಿದ್ರು, ಸಣ್ಣೋರಿಗೆ ಟೈಮಿಗೆ ಕೊಡದೇ ಇದ್ರೆ ಆ ವರ್ಷ ಅದನ್ನ ಖರ್ಚು ಅಂತ ತೋರ್ಸೋಕಾಗಲ್ಲ. ಕಾನೂನೆಲ್ಲಾ ಚೆನ್ನಾಗೇ ಇದೆ. ಆದ್ರೆ ಈ ಓನರಿಗೆ ಬರಬೇಕಾದ ಬಿಲ್ಲು ನಾಲ್ಕು ತಿಂಗ್ಳಿಂದ ನಿಂತಿದೆ, ಕಂಪ್ಲೇಂಟ್ ಯಾಕೆ ಹಾಕಿಲ್ಲ ಅಂದ್ರೆ, ಹಾಕಿದ್ರೆ ಬಾಕಿ ಬರ್ಬಹುದು ಸಾರ್, ಆ ಎಂಟುನೂರು ಪೀಸೂ ಹೋಗ್ತದೆ ಅಂತಾರೆ. ಇನ್ನೊಂದು ಕಡೆ ಬಿಲ್ ಹಾಕಿದ ತಕ್ಷಣ ಜಿಎಸ್‌ಟಿ ಹೊಣೆ ಇವ್ರ ಮೇಲೆ ಬೀಳುತ್ತೆ, ಮುಂದಿನ ತಿಂಗ್ಳು ರಿಟರ್ನ್ ಹಾಕೋವಾಗ ಕೈಯಿಂದ ಕಟ್ಟಬೇಕು, ಪಾರ್ಟಿ ದುಡ್ಡು ಕೊಟ್ಟಿರ್ಲಿ ಬಿಡ್ಲಿ. ಅಂದ್ರೆ ಇನ್ನೂ ಬರದೇ ಇರೋ ದುಡ್ಡಿಗೆ ಇವ್ರು ಟ್ಯಾಕ್ಸ್ ಕಟ್ಟಿ ಆಗಿದೆ, ಅದಕ್ಕೆ ಓನರ್ ಮನೆಯವ್ರ ಬಳೆ ಗಿರವಿಗೆ ಹೋಗಿದೆ. ನಾಲ್ಕು ಸಾವಿರದ ಐನೂರು ರೂಪಾಯಿ ನಾನು ಅಲ್ಲೇ ಫೋನ್‌ಪೇ ಮಾಡಿದಾಗ ಆ ಮನುಷ್ಯ ಎರಡು ಸಲ ಥ್ಯಾಂಕ್ಸ್ ಹೇಳಿದ್ರು. ಮಾಡಿದ ಕೆಲ್ಸಕ್ಕೆ ದುಡ್ಡು ಕೊಟ್ಟಿದ್ದಕ್ಕೆ ಯಾರೂ ಅಷ್ಟು ಥ್ಯಾಂಕ್ಸ್ ಹೇಳೋ ಪರಿಸ್ಥಿತಿ ಬರಬಾರ್ದು.

ಇನ್ನು ಕೆಲ್ಸದೋರ ವಿಷ್ಯ. ಕೆಲ್ಸದಿಂದ ತೆಗೆಯೋದು ಅಂದ್ರೆ ಒಂದಿನ ಕರೆದು ನಾಳೆಯಿಂದ ಬರ್ಬೇಡ ಅಂತ ಹೇಳೋದು ಅಂತ ನಾವು ಅಂದ್ಕೊಂಡಿರ್ತೀವಿ, ಸಣ್ಣ ವರ್ಕ್‌ಶಾಪಲ್ಲಿ ಹಂಗಾಗಲ್ಲ, ನಿಧಾನಕ್ಕೆ ಆಗುತ್ತೆ. ಮೊದ್ಲು ಹೋಗೋದು ಓಟಿ, ಅಂದ್ರೆ ಹೆಚ್ಚು ಹೊತ್ತು ದುಡಿದಿದ್ದಕ್ಕೆ ಸಿಗೋ ದುಡ್ಡು. ಈ ಹುಡುಗರ ಸಂಬಳದಲ್ಲಿ ಬಾಡಿಗೆ ರೇಷನ್ನು ಆಗುತ್ತೆ, ಮಕ್ಕಳ ಫೀಸು, ಗಾಡಿ ಕಂತು, ಹೆಂಡತಿ ಸಂಘದಲ್ಲಿ ತಗೊಂಡಿರೋ ಸಾಲದ ವಾರದ ಕಂತು, ಇದೆಲ್ಲಾ ನಡೀತಿದ್ದುದು ಓಟಿ ದುಡ್ಡಲ್ಲಿ. ಸಂಬಳ ಕಟ್ ಮಾಡಿಲ್ಲ ಅಂತ ಓನರ್ ಹೇಳೋದೂ ನಿಜ, ಮನೆಗೆ ಬರೋ ದುಡ್ಡು ಮೂರನೇ ಒಂದು ಪಾಲು ಕಮ್ಮಿ ಆಗಿದೆ ಅಂತ ಹುಡುಗರು ಹೇಳೋದೂ ನಿಜ. ಆಮೇಲೆ ವಾರಕ್ಕೆ ಆರು ದಿನ ಇದ್ದಿದ್ದು ನಾಲ್ಕು ದಿನ ಆಗುತ್ತೆ. ಆಮೇಲೆ ಅಡ್ವಾನ್ಸ್ ಕೇಳೋದು ಶುರು, ಓನರ್ ಹತ್ರಾನೂ ಇಲ್ಲ. ಕೊನೆಗೆ ಯಾರೂ ಯಾರನ್ನೂ ತೆಗೆಯಲ್ಲ, ಅವ್ರೇ ಒಬ್ಬೊಬ್ರಾಗಿ ಬರೋದು ನಿಲ್ಲಿಸ್ತಾರೆ.

ಸಿಎನ್‌ಸಿ ಓಡ್ಸ್ತಿದ್ದ ಹುಡುಗ ಕೊರಟಗೆರೆ ಕಡೆಯವನು, ಐಟಿಐ ಮಾಡಿದೋನು, ಪ್ರೋಗ್ರಾಂ ಅವನೇ ಬರೀತಿದ್ದ, ಆಫ್‌ಸೆಟ್ ಕೊಡೋದ್ರಲ್ಲಿ (ಟೂಲಿನ ಅಳತೆ ಮಷಿನ್‌ಗೆ ತಿದ್ದಿ ಹೇಳೋದ್ರಲ್ಲಿ) ಭಾರಿ ಚುರುಕು. ಈಗ ಬೆಂಗಳೂರಲ್ಲಿ ಬೈಕ್ ಮೇಲೆ ಊಟದ ಡೆಲಿವರಿ ಮಾಡ್ತಿದಾನೆ. ಒಡಿಶಾದ ಇಬ್ರು ಊರಿಗೆ ಹೋದೋರು ವಾಪಸ್ ಬರ್ಲಿಲ್ಲ. ಇನ್ನೊಬ್ರು ಮಧುಗಿರಿ ಹತ್ರ ಸ್ವಂತ ಊರಲ್ಲಿ ರಾಗಿ ಹೊಲ ನೋಡ್ಕೊಂಡು, ಮಧ್ಯೆ ಮಧ್ಯೆ ಗಾರೆ ಕೆಲ್ಸಕ್ಕೆ ಹೋಗ್ತಾರಂತೆ. ಹೆಲ್ಪರ್ ಹುಡುಗ ಒಬ್ಬ ಇನ್ನೂ ಇದಾನೆ, ಟೀ ಕುಡಿಯೋವಾಗ ಅವನನ್ನ ಕೇಳ್ದೆ, ನೀನ್ಯಾಕಪ್ಪ ಹೋಗ್ಲಿಲ್ಲ ಅಂತ. ಅಣ್ಣ ಥ್ರೆಡ್ ಕಟಿಂಗ್ ಕಲಿಸ್ತವ್ರೆ ಸಾರ್, ಪೂರ್ತಿ ಕಲ್ತಿಲ್ಲ ಇನ್ನ, ಕಲ್ತ್ ಮೇಲೆ ನೋಡ್ಬೇಕು ಅಂದ. ಮನೇಲಿ ಅಮ್ಮ ದಿನಾ ಬೈತಾರಂತೆ, ಗಾರ್ಮೆಂಟ್ಸಿಗೆ ಹೋಗಿದ್ರೆ ತಿಂಗ್ಳು ತಿಂಗ್ಳು ಸಂಬಳ ಬರ್ತಿತ್ತು, ಈ ಕಬ್ಬಿಣದ ಪುಡಿ ಯಾಕೆ ಕುಡೀತೀಯ ಅಂತ.

ಇಂಥೋರಿಗೆ ಕಾನೂನಿನ ಆಸರೇನೂ ಸರಿಯಾಗಿ ಸಿಗಲ್ಲ. ಇಎಸ್‌ಐ (ಕಾರ್ಮಿಕರ ವಿಮೆ) ಲಾಗೂ ಆಗೋಕೆ ಹತ್ತು ಜನ ಇರ್ಬೇಕು, ಪಿಎಫ್‌ಗೆ ಇಪ್ಪತ್ತು ಜನ. ಕೆಲ್ಸ ಇಲ್ದೆ ಕೂರ್ಸಿದಾಗ ಅರ್ಧ ಸಂಬಳ ಕೊಡ್ಬೇಕು ಅನ್ನೋ ಲೇ ಆಫ್ ನಿಯಮ ಐವತ್ತು ಜನಕ್ಕಿಂತ ಕಮ್ಮಿ ಇರೋ ಕಡೆಗೆ ಇಲ್ವೇ ಇಲ್ಲ. ಒಂಬತ್ತು ಜನದ ಶೆಡ್ಡು ಇದ್ಯಾವುದಕ್ಕೂ ಸೇರಲ್ಲ. ಇಎಸ್‌ಐ ಇದ್ದಿದ್ರೆ ಕೆಲ್ಸ ಹೋದೋರಿಗೆ ಸ್ವಲ್ಪ ದಿನ ಭತ್ಯೆ ಕೊಡೋ ಸ್ಕೀಮಾದ್ರೂ ಇದೆ, ಇವ್ರಿಗೆ ಅದೂ ಇಲ್ಲ. ದೊಡ್ಡ ಫ್ಯಾಕ್ಟರಿ ಮುಚ್ಚಿದ್ರೆ ಗೇಟ್ ಮುಂದೆ ಧರಣಿ ಆಗುತ್ತೆ, ಪೇಪರಲ್ಲಿ ಫೋಟೋ ಬರುತ್ತೆ, ಎಮ್‌ಎಲ್‌ಎ ಬರ್ತಾರೆ. ಐದು ಜನ ಹೋದ ಶೆಡ್ಡಿಗೆ ಯಾರೂ ಬರಲ್ಲ, ಅಂಥಾ ಶೆಡ್ಡುಗಳು ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ ಎಲ್ಲಾ ಕಡೆ ಇವೆ.

ಆ ಟರ್ನರ್ ಅಣ್ಣ ಕಲ್ತಿದ್ದು ಎಲ್ಲಿ ಗೊತ್ತಾ, ನಮ್ಮ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಅಪ್ರೆಂಟಿಸ್ ಆಗಿ. ಪರ್ಮನೆಂಟ್ ಆಗ್ಲಿಲ್ಲ, ಆದ್ರೆ ಅಳತೆ ಅಂದ್ರೇನು ಅಂತ ಅಲ್ಲೇ ಕಲ್ತೆ ಅಂತಾರೆ. ತುಮಕೂರಲ್ಲಿ ವಾಚ್ ಫ್ಯಾಕ್ಟರಿ ಇದ್ದಾಗ ಅಲ್ಲಿಂದ ಹೊರಗೆ ಬಂದ ಕೈಗಳೇ ಊರಿನ ಎಷ್ಟೋ ಲೇತ್ ಅಂಗಡಿ, ಟೂಲ್ ರೂಮ್ ನಡ್ಸಿದ್ವು. 2016ರ ಜನವರೀಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ತಗೊಳ್ತು, ಜಾಗ ಈಗ ಇಸ್ರೋಗೆ ಹೋಗಿದೆ. ಅದಾದ್ಮೇಲೆ ಇಂಥಾ ಕೆಲ್ಸ ಕಲ್ಸೋ ಜಾಗ ಅಂತ ಉಳ್ದಿರೋದು ಐಟಿಐ ಬಿಟ್ರೆ ಇಂಥಾ ಶೆಡ್ಡುಗಳೇ. ನಂಗೆ ಭಯ ಆಗೋದು ಇದಕ್ಕೇ. ಮಾರ್ಕೆಟ್ ನಾಳೆ ಸರಿ ಹೋಗ್ಬಹುದು, ಮಷಿನ್ ಮೇಲಿನ ಟಾರ್ಪಾಲ್ ತೆಗೆದ್ರೆ ಓಡುತ್ತೆ. ಡೆಲಿವರಿಗೆ ಹೋದ ಹುಡುಗ ಎರಡು ವರ್ಷ ಬಿಟ್ಟು ವಾಪಸ್ ಬರ್ತಾನಾ, ಬಂದ್ರೂ ಅವನ ಕೈ ಅದೇ ಥರ ಇರುತ್ತಾ. ಬಿಸಿ ಶಾಫ್ಟ್ ಅಳೀಬಾರ್ದು ಅನ್ನೋದನ್ನ ಪುಸ್ತಕದಲ್ಲಿ ಓದ್ಬಹುದು, ಅಣ್ಣನ ಪಕ್ಕ ನಿಂತು ಎರಡು ಜಾಬ್ ರಿಜೆಕ್ಟ್ ಆದ್ಮೇಲೇ ಅದು ಕೈಗೆ ಹತ್ತೋದು.

ಜಿಲ್ಲೇಲಿ ದೊಡ್ಡ ದೊಡ್ಡ ಪ್ರಾಜೆಕ್ಟ್ ಇಲ್ಲ ಅಂತಲ್ಲ. ವಸಂತನರಸಾಪುರದಲ್ಲಿ ಐನೂರು ಎಕರೆಗೂ ಜಾಸ್ತಿ ಜಾಗದಲ್ಲಿ ಮಷಿನ್ ಟೂಲ್ ಪಾರ್ಕ್ ಅಂತಲೇ ಮಾಡಿದಾರೆ. ಗುಬ್ಬಿ ತಾಲೂಕು ಬಿದರೆಹಳ್ಳ ಕಾವಲಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ ಆಯ್ತು, ನಮ್ ಮಿಲ್ಲಿಂದ ದೂರ ಏನಿಲ್ಲ. ಖುಷಿನೇ. ಆದ್ರೆ ಅಂಥಾ ಕಡೆಯ ಆರ್ಡರ್ ನೇರವಾಗಿ ಇಂಥಾ ಶೆಡ್ಡಿಗೆ ಬರಲ್ಲ, ಸರ್ಟಿಫಿಕೇಟ್ ಬೇಕು, ಅಳತೆ ಮಾಡೋ ದೊಡ್ಡ ಮಷಿನ್ ಬೇಕು, ಎಲ್ಲದಕ್ಕೂ ಪೇಪರ್ ಬೇಕು. ಓನರ್ ಐಎಸ್‌ಒ ಸರ್ಟಿಫಿಕೇಟ್ ಮಾಡ್ಸೋಣ ಅಂತ ವಿಚಾರ್ಸಿದ್ರಂತೆ, ಅಷ್ಟರಲ್ಲಿ ಆರ್ಡರ್ ಬಿತ್ತು, ಆ ದುಡ್ಡು ಇಎಂಐಗೆ ಹೋಯ್ತು. ನಾಲ್ಕೈದು ಶೆಡ್ಡಿನೋರು ಸೇರಿ ಒಂದು ಅಳತೆ ಮಷಿನ್ ಬಳಸೋ ಹಾಗೆ ಯಾರಾದ್ರೂ ಮಾಡ್ಕೊಟ್ರೆ ಈ ಅಣ್ಣನಂಥೋರ ಕೈಗೆ ಎಷ್ಟು ಕೆಲ್ಸ ಸಿಗುತ್ತೆ ಅಂತ ನಂಗೆ ಅನ್ಸುತ್ತೆ.

ಈಗ ಒಂದು ಸ್ಟಾರ್ ಯಾಕೆ ಕಮ್ಮಿ ಅಂತ. ಹೇಳಿದ ದಿನಕ್ಕೆ ಕೆಲ್ಸ ಸಿಗ್ಲಿಲ್ಲ. ಇವ್ರ ಹತ್ರ ಮಿಲ್ಲಿಂಗ್, ಸ್ಲಾಟಿಂಗ್ ಮಷಿನ್ ಇಲ್ಲ, ಕೀ ವೇ ತೆಗ್ಸೋಕೆ ಬೇರೆ ಶೆಡ್ಡಿಗೆ ಕಳ್ಸಿದ್ರು, ಅಲ್ಲಿ ಆಪರೇಟರ್ ವಾರಕ್ಕೆ ಮೂರೇ ದಿನ ಬರೋದಂತೆ, ಅದಕ್ಕೇ ಎರಡು ದಿನ ಹಿಡೀತು. ಲೇಟಾಗುತ್ತೆ ಅಂತ ಅವ್ರೇ ಫೋನ್ ಮಾಡಿ ಹೇಳ್ಬೇಕಿತ್ತು, ಹೇಳ್ಲಿಲ್ಲ, ನಾನೇ ಮಾಡ್ದೆ. ಮಿಲ್ ನಿಂತಿದ್ದೋರಿಗೆ ಎರಡು ದಿನ ಅಂದ್ರೆ ದೊಡ್ಡ ವಿಷ್ಯ. ಇನ್ನೊಂದು, ಗ್ರೈಂಡಿಂಗ್ ಫಿನಿಶ್ ಬೇಕು ಅನ್ನೋ ಕೆಲ್ಸ, ಗೇರ್ ಹಲ್ಲು ಕಟ್ ಮಾಡೋ ಕೆಲ್ಸ ಇಲ್ಲಿ ಆಗಲ್ಲ, ಅದನ್ನ ಅವ್ರು ಮೊದ್ಲೇ ಹೇಳ್ತಾರೆ, ಆಗುತ್ತೆ ಅಂತ ಇಟ್ಕೊಂಡು ಸತಾಯ್ಸಲ್ಲ. ಬಿಲ್ ಕೇಳಿದ್ರೆ ಜಿಎಸ್‌ಟಿ ಬಿಲ್ ಕೊಡ್ತಾರೆ.

ರೇಟ್ ವಿಷ್ಯದಲ್ಲಿ ಒಂದು ಮಾತು. ಕೆಲ್ಸ ಇಲ್ಲ ಅಂತ ಗೊತ್ತಿದ್ದು ಅಲ್ಲಿ ಹೋಗಿ ಅರ್ಧಕ್ಕೆ ಕೇಳೋ ಜನಾನ ನಾನೇ ಅಲ್ಲಿ ನಿಂತು ನೋಡ್ದೆ. ಒಬ್ರು ಬೋರ್‌ವೆಲ್ ಪಂಪಿನ ಬುಷ್ ತಂದಿದ್ರು, ಮುನ್ನೂರು ಅಂದ್ರೆ ನೂರೈವತ್ತಕ್ಕೆ ಮಾಡ್ಕೊಡಿ, ಹೆಂಗಿದ್ರೂ ಸುಮ್ನೆ ಕೂತಿದೀರಲ್ಲ ಅಂದ್ರು. ಓನರ್ ಏನೂ ಮಾತಾಡ್ದೆ ಮಾಡ್ಕೊಟ್ರು. ಗನ್‌ಮೆಟಲ್ (ಕಂಚಿನ ಥರದ ಲೋಹ) ತುಂಡಿಗೇ ಹತ್ತಿರ ಹತ್ತಿರ ಅಷ್ಟಾಗುತ್ತೆ, ಕರೆಂಟು ಟೂಲು ಲೇಬರು ಎಲ್ಲಾ ಪುಕ್ಕಟೆ ಹೋದಂಗೆ. ನಂಗೆ ಹೊಟ್ಟೆ ಉರೀತು. ದಯವಿಟ್ಟು ಹಂಗೆ ಮಾಡ್ಬೇಡಿ, ಹೇಳಿದ ರೇಟ್ ನ್ಯಾಯವಾಗಿದ್ರೆ ಕೊಡಿ, ಅವತ್ತೇ ಕೊಡಿ. ಮಿಲ್ಲು, ಇಟ್ಟಿಗೆ ಫ್ಯಾಕ್ಟರಿ, ಅಡಿಕೆ ಸುಲಿಯೋ ಮಷಿನ್, ಟ್ರ್ಯಾಕ್ಟರ್ ಇಟ್ಕೊಂಡಿರೋ ನಮ್ಮಂಥೋರ ಕೈಯಲ್ಲಿ ಐದು ಸಾವಿರ ಬುಷ್ ಆರ್ಡರ್ ಕೊಡೋಕಾಗಲ್ಲ, ಆದ್ರೆ ಕೆಟ್ಟ ಮೇಲೆ ಓಡೋ ಬದ್ಲು ಸೀಸನ್‌ಗೆ ಮುಂಚೆನೇ ಸವೆದಿರೋದನ್ನೆಲ್ಲ ಬಿಚ್ಚಿ ಕೊಡ್ಬಹುದು. ನಾನು ಎಕ್ಸ್‌ಪೆಲ್ಲರಿನ ಸ್ಪೇರ್ ವರ್ಮುಗಳನ್ನ (ಕಾಳು ಒತ್ತೋ ಸ್ಕ್ರೂ ತುಂಡು) ಹಾರ್ಡ್‌ಫೇಸಿಂಗಿಗೆ (ಮೇಲೆ ಗಟ್ಟಿ ಲೋಹ ತುಂಬ್ಸೋಕೆ) ಈಗ್ಲೇ ಕೊಟ್ಟಿದೀನಿ, ಸ್ಪೇರ್ ಶಾಫ್ಟ್ ಒಂದನ್ನೂ ಮಾಡ್ಸೋಣ ಅಂತಿದೀನಿ, ಮೆಟೀರಿಯಲ್ ತರೋಕೆ ಅಡ್ವಾನ್ಸ್ ಕೊಟ್ಟು.

ಹೋಗೋರಿಗೆ ಕೆಲವು ವಿಷ್ಯ. ಭಾನುವಾರ ರಜ. ಬೆಳಿಗ್ಗೆ ಹತ್ತರ ಮೇಲೆ ಹೋಗಿ, ಆದ್ರೆ ಈಗ ಅಣ್ಣ ದಿನಾ ಬರಲ್ಲ, ಸೋಮವಾರದಿಂದ ಗುರುವಾರದವರೆಗೆ ಇರ್ತಾರೆ, ಬೇರಿಂಗ್ ಸೀಟ್ ಥರದ ನಾಜೂಕು ಕೆಲ್ಸ ಇದ್ರೆ ಅವ್ರು ಇರೋ ದಿನಾನೇ ಹೋಗಿ. ಡ್ರಾಯಿಂಗ್ ಬೇಕಿಲ್ಲ, ಹಳೇ ಪೀಸ್ ತಗೊಂಡ್ ಹೋಗಿ, ಜೊತೆಗೆ ಬೇರಿಂಗನ್ನೂ ತಗೊಂಡ್ ಹೋಗಿ, ಇಲ್ಲಾಂದ್ರೆ ಅದ್ರ ಮೇಲಿರೋ ನಂಬರ್ ಆದ್ರೂ ಬರ್ಕೊಳಿ. ಪುಲ್ಲಿ ಬೋರಿಂಗ್ ಆದ್ರೆ ಅದು ಕೂರೋ ಶಾಫ್ಟ್ ಕೂಡ ಜೊತೇಲಿ ಇರ್ಲಿ, ಬರೀ ಅಳತೆ ಬಾಯಲ್ಲಿ ಹೇಳಿದ್ರೆ ಅಣ್ಣ ಮುಟ್ಟಲ್ಲ. ಭಾರಿ ಜಾಬ್ ಆದ್ರೆ ಇಳ್ಸೋಕೆ ಇಬ್ರನ್ನ ಕರ್ಕೊಂಡ್ ಹೋಗಿ, ಅಲ್ಲಿ ಮುಂಚಿನಷ್ಟು ಹುಡುಗರಿಲ್ಲ.